ಕಳಲೆಯ ಕಹಿ, ಏಳನೇ ನಂಬರ್ ಫಾರಂ, ಮೂರು ಬೆಕ್ಕಿನ ಮರಿ

ಈ ಸಲ ನಿಮ್ಮ ಕಾಗದಗಳು ತಡವಾಗಿ ಬಂದವು ಅಂತ ದೂರುವ ಹಾಗಿಲ್ಲ. ಹೆಚ್ಚಿನವು ವಾಟ್ಸಾಪಿನಲ್ಲಿ ಬಂದಿವೆ, ಕೈಯಲ್ಲಿ ಬರೆದದ್ದು ಎರಡೇ ಎರಡು. ತಡ ಮಾಡಿದ್ದು ನಾನು. ಸಾಗರದಲ್ಲಿ ಹತ್ತು ದಿನದಿಂದ ಮಳೆ ಹೊಳವಾಗಿಲ್ಲ. ಅಡುಗೆಮನೆ ಮೂಲೆಯಲ್ಲಿ ಹಂಚು ಜಾರಿ ಸೋರುತ್ತಿದೆ, ಕೆಳಗಿಟ್ಟ ಪಾತ್ರೆಯನ್ನು ದಿನಕ್ಕೆ ಮೂರು ಸಲ ಚೆಲ್ಲಬೇಕು. ಇದರ ನಡುವೆ ನಮ್ಮ ಬೆಕ್ಕು ಪುಟ್ಟಿ ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಮರಿ ಹಾಕಿದೆ. ಆ ಟ್ರಂಕಿನ ಕತೆ ಆಮೇಲೆ ಹೇಳುತ್ತೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು: ನಾನು 38 ವರ್ಷ ಅಂಚೆ ಇಲಾಖೆಯಲ್ಲಿದ್ದು 2021ರಲ್ಲಿ ನಿವೃತ್ತಳಾದವಳು. ವೈದ್ಯಳೂ ಅಲ್ಲ, ವಕೀಲಳೂ ಅಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರ: ಮೇಡಂ, ಊರಿಂದ ಅತ್ತೆ ಕಳಲೆ ಕಳಿಸಿದ್ದರು. ಬಂದ ದಿನವೇ ಹೆಚ್ಚಿ ಪಲ್ಯ ಮಾಡಿದೆ. ಬಾಯಿಗಿಡಲಾಗದಷ್ಟು ಕಹಿ. ಗಂಡ ಒಂದು ತುತ್ತು ತಿಂದು ಎದ್ದುಹೋದರು. ಕಳಲೆಯೇ ಕೆಟ್ಟಿತ್ತಾ?
— ಹೆಸರು ಬೇಡ, ಬೆಂಗಳೂರು

ಉ: ಕಳಲೆ ಸರಿಯಾಗಿಯೇ ಇತ್ತು ತಾಯಿ, ನಿಮಗೆ ಆತುರ. ನಿಮ್ಮ ಯಜಮಾನರು ಎದ್ದುಹೋದದ್ದೇ ಒಳ್ಳೆಯದಾಯಿತು. ಎಳೆ ಬಿದಿರಿನ ಆ ಕಹಿ ಬರಿಯ ರುಚಿಯ ಮಾತಲ್ಲ, ಹೊಟ್ಟೆಗೆ ಹೋದರೆ ಸಯನೈಡ್ ಬಿಡುವ ವಸ್ತು ಅದರಲ್ಲಿದೆ. ನಮ್ಮ ಅಜ್ಜಿಯಂದಿರಿಗೆ ಆ ಹೆಸರು ಗೊತ್ತಿರಲಿಲ್ಲ, ಆದರೆ ಮೂರು ದಿನ ನೀರಲ್ಲಿಡದೆ ಒಲೆ ಹತ್ತಿರ ತರುತ್ತಿರಲಿಲ್ಲ.

ಮೇಲಿನ ಹೊದಿಕೆ ಒಂದೊಂದಾಗಿ ಸುಲಿಯಿರಿ. ಒಳಗಿನ ಬಿಳಿ ತಿರುಳು ಸಿಗುತ್ತದೆ. ಚಾಕು ಸಲೀಸಾಗಿ ಇಳಿಯುವಷ್ಟು ಭಾಗ ಮಾತ್ರ ಇಟ್ಟುಕೊಂಡು ಗಂಟು, ಬಲಿತದ್ದು ಎಲ್ಲ ಎಸೆಯಿರಿ. ತೆಳ್ಳಗೆ ಬಿಲ್ಲೆ ಮಾಡಿ, ಮತ್ತೆ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಮುಚ್ಚಿಡಿ. ದಿನಾ ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರು. ಚೆಲ್ಲಿದ್ದನ್ನು ದನ, ನಾಯಿ ಕುಡಿಯದ ಕಡೆ ಚೆಲ್ಲಬೇಕು. ಮೂರನೆಯ ದಿನಕ್ಕೆ ಒಂಥರಾ ವಾಸನೆ ಹೊಡೆಯುತ್ತದೆ. ಹೆದರಬೇಡಿ, ಕಳಲೆ ಅಂದರೆ ಆ ವಾಸನೆಯೇ. ನಾಲ್ಕನೆಯ ದಿನ ತೊಳೆದು, ಬೇರೆ ನೀರಲ್ಲಿ ಚೆನ್ನಾಗಿ ಕುದಿಸಿ, ಆ ನೀರನ್ನೂ ಬಸಿದುಬಿಡಿ. ಹಿಂದಿನ ರಾತ್ರಿ ನೆನೆಸಿದ ಹೆಸರುಕಾಳಿನ ಜೊತೆ ಬೇಯಿಸಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ, ಅರಿಶಿನ, ನೆಲ್ಲಿಕಾಯಿ ಗಾತ್ರದ ಬೆಲ್ಲ, ಮೇಲೆ ಧಾರಾಳ ಕಾಯಿತುರಿ. ನಾನು ಇದಕ್ಕೆ ಗಂಜಿ ಮಾಡುತ್ತೇನೆ, ಬೇರೇನೂ ಬೇಡ.

ಮಂಗಳೂರು ಕಡೆ ಇದೇ ಕಣಿಲೆ, ಕೊಡಗಿನಲ್ಲಿ ಬೈಂಬಳೆ. ಯಾವ ಹೆಸರಲ್ಲಿ ಕರೆದರೂ ಮೂರು ದಿನದ ವನವಾಸ ತಪ್ಪಿದ್ದಲ್ಲ. ಅಂದ ಹಾಗೆ, ಅತ್ತೆ ಅದನ್ನು ಹಿತ್ತಲಿನ ಹಿಂಡಿನಿಂದ ಕಿತ್ತಿದ್ದರೆ ಸರಿ. ಕಾಡಿಂದ ಕಿತ್ತದ್ದಾದರೆ ಅರಣ್ಯದವರಿಗೆ ಹೇಳಬೇಡಿ, ನನಗೂ ಹೇಳಬೇಡಿ.

ಪ್ರ: ಒಂದು ಖಾಸಗಿ ಫೈನಾನ್ಸ್ ಕಚೇರಿಯಲ್ಲಿ ಹದಿನಾಲ್ಕು ತಿಂಗಳಿಂದ ದುಡಿಯುತ್ತಿದ್ದೇನೆ. ನೇಮಕಾತಿ ಪತ್ರ ಕೊಟ್ಟಿಲ್ಲ. ಕೇಳಿದರೆ ‘ನಂಬಿಕೆ ಇಲ್ವಾ?’ ಅನ್ನುತ್ತಾರೆ. ಭಾನುವಾರವೂ ವಸೂಲಿಗೆ ಕಳಿಸುತ್ತಾರೆ.
— ನೊಂದ ಉದ್ಯೋಗಿ, ದಾವಣಗೆರೆ

ಉ: ನಂಬಿಕೆ ಇಲ್ವಾ ಅಂತ ಕೇಳುವವರು ಸಾಲಗಾರರ ಹತ್ತಿರ ಸಹಿ ಹಾಕಿಸಿಕೊಳ್ಳದೆ ಸಾಲ ಕೊಡುತ್ತಾರಾ? ಮೊದಲು ಅದನ್ನು ಕೇಳಿ. ಬಾಯಿಬಿಟ್ಟು ಕೇಳಲಾಗದಿದ್ದರೆ ಮನಸ್ಸಿನಲ್ಲೇ ಕೇಳಿಕೊಳ್ಳಿ, ಧೈರ್ಯ ಬರುತ್ತದೆ.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು ಅಂತ ಅದರಲ್ಲಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರ ಕಡ್ಡಾಯ ಅನ್ನುತ್ತವೆ. ಆದರೆ ನಾಳೆಯೇ ಕಾಯ್ದೆ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಮೊದಲು ಕಾಗದ ಕೂಡಿಸಿ. ಸಂಬಳ ಬ್ಯಾಂಕಿಗೆ ಬಿದ್ದ ಪಾಸ್‌ಬುಕ್ ಪುಟ, ‘ಭಾನುವಾರ ಬನ್ನಿ’ ಅಂತ ಮ್ಯಾನೇಜರ್ ಹಾಕಿದ ಮೆಸೇಜು, ನಿಮ್ಮ ಸಹಿಯಿರುವ ವಸೂಲಿ ರಸೀದಿಯ ಫೋಟೋ. ಆಮೇಲೆ ನಾಲ್ಕು ಸಾಲಿನ ಪತ್ರ: ‘ಇಂಥ ತಾರೀಖಿನಿಂದ ಕೆಲಸ ಮಾಡುತ್ತಿದ್ದೇನೆ, ನೇಮಕಾತಿ ಪತ್ರ ದಯಪಾಲಿಸಿ.’ ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಹಳೆಯ ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಸಿದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ, ಅದು ಬೇರೆ ಮಾತು. ಅದಕ್ಕೂ ಬಗ್ಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿ ಇದ್ದೇ ಇದೆ.

ನಾನು ಅಂಚೆಗೆ ಸೇರಿದ್ದು 1983ರಲ್ಲಿ, ಆರ್‌ಟಿಪಿ ಅಂತ. ಅಂದರೆ ರಿಸರ್ವ್ ಟ್ರೈನ್ಡ್ ಪೂಲ್, ಬೇಕಾದಾಗ ಕರೆಯುವ ಮೀಸಲು ನೌಕರರು. ಪರೀಕ್ಷೆ ಪಾಸು, ತರಬೇತಿಯೂ ಆಗಿತ್ತು, ಆದರೆ ಖಾಯಂ ಅಲ್ಲ. ಯಾರಾದರೂ ರಜೆ ಹಾಕಿದರೆ ಕರೆಯುತ್ತಿದ್ದರು, ಗಂಟೆ ಲೆಕ್ಕದ ಕೂಲಿ. ಎಷ್ಟು ಗಂಟೆ ಮಾಡಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಜೊತೆಯವರು ನಕ್ಕಿದ್ದರು. ಮುಂದೆ ಬಾಕಿ ಕೂಲಿಯ ಲೆಕ್ಕ ಬಂದಾಗ ಆ ನೋಟ್‌ಬುಕ್ ಎರವಲು ಕೇಳಿದವರೂ ಅವರೇ.

ಪ್ರ: ಬೀದಿ ನಾಯಿಗೆ ದಿನಾ ಮನೆಯ ಊಟ ಹಾಕುತ್ತೇನೆ. ಮೂರು ದಿನದಿಂದ ಸೊರಗಿದೆ. ಎದುರುಮನೆಯವರು ಬೇರೆ ಊಟ ಹಾಕಬೇಡಿ ಅಂತ ಜಗಳ ತೆಗೆದಿದ್ದಾರೆ. ಅವರ ಮಗುವಿಗೆ ಹೋದ ವಾರ ಸ್ವಲ್ಪ ಪರಚಿತಂತೆ, ಅರಿಶಿನ ಹಚ್ಚಿದ್ದಾರಂತೆ.
— ಓದುಗಿ, ಹಾಸನ

ಉ: ಕೊನೆಯ ವಾಕ್ಯವನ್ನು ಮೊದಲೇ ಬರೆಯಬಾರದಿತ್ತೇ! ಪತ್ರಿಕೆ ಕೈಗೆ ಬರುವವರೆಗೆ ಕಾಯುವ ವಿಷಯವಲ್ಲ ಅಂತ ಸಂಪಾದಕರ ಮೂಲಕ ನಿಮಗೆ ಆಗಲೇ ಫೋನ್ ಮಾಡಿಸಿದ್ದೇನೆ. ಉಳಿದವರಿಗೂ ಹೇಳುತ್ತೇನೆ. ನಾಯಿ ಕಚ್ಚಲಿ, ಪರಚಲಿ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ಅಂದುಕೊಂಡದ್ದಕ್ಕಿಂತ ಉದ್ದ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಅಲ್ಲಿಂದ ಸೀದಾ ಸರ್ಕಾರಿ ಆಸ್ಪತ್ರೆ. ವಾರ ಕಳೆದಿದ್ದರೂ ಹೋಗಬೇಕು. ಬರೆದುಕೊಟ್ಟ ತಾರೀಖುಗಳಲ್ಲಿ ಒಂದು ಇಂಜೆಕ್ಷನ್ನೂ ತಪ್ಪಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲ.

ಇನ್ನು ಸೊರಗಿದ ನಾಯಿ. ಅದೂ ರೋಗದ ಲಕ್ಷಣ ಇರಬಹುದು, ಹತ್ತಿರ ಹೋಗಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ನೀವು ಹಾಕುವ ಊಟದಲ್ಲಿ ಈರುಳ್ಳಿ ಇತ್ತಾ ಅಂತಲೂ ಅವರಿಗೆ ಹೇಳಿ. ನಮ್ಮ ನಾಯಿ ಕರಿಯನಿಗೆ ಒಮ್ಮೆ ನಾನೇ ಈ ತಪ್ಪು ಮಾಡಿದ್ದೆ. ಪಕ್ಕದ ಮನೆಯ ಗೃಹಪ್ರವೇಶದಲ್ಲಿ ಉಳಿದ ಈರುಳ್ಳಿ ಹುಳಿ ಒಂದು ಬಕೆಟ್ ಬಂತು. ಪಾಪ, ಹಾಳಾಗುವುದೇಕೆ ಅಂತ ಮೂರು ದಿನ ಅನ್ನಕ್ಕೆ ಕಲಸಿ ಹಾಕಿದೆ. ನಾಲ್ಕನೆಯ ದಿನ ಅದರ ವಸಡು ಸುಣ್ಣದ ಹಾಗೆ ಬೆಳ್ಳಗೆ, ಉಚ್ಚೆ ಕಡು ಚಹಾದ ಬಣ್ಣ. ಈರುಳ್ಳಿ ಹಸಿಯಿರಲಿ, ಬೆಂದಿರಲಿ, ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ ಅಂತ ಡಾಕ್ಟರು ಹೇಳಿದಾಗ ನನಗೆ ಭೂಮಿಗಿಳಿದು ಹೋದ ಹಾಗಾಯಿತು. ಕರಿಯ ಬದುಕಿಕೊಂಡ. ಈಗ ಬರೀ ಅನ್ನ, ಮಜ್ಜಿಗೆ, ಭಾನುವಾರ ಬೂತಾಯಿ ಬೇಯಿಸಿದ್ದು. ದ್ರಾಕ್ಷಿ, ಚಾಕಲೇಟೂ ಬೇಡ.

ಎದುರುಮನೆಯವರ ಜಗಳದಲ್ಲಿ ಅರ್ಧ ನ್ಯಾಯ ಅವರ ಕಡೆಗೂ ಇದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೀದಿಯಲ್ಲಿ ಎಲ್ಲೆಂದರಲ್ಲಿ ಊಟ ಹಾಕಬೇಡಿ, ವಾರ್ಡಿಗೊಂದು ಜಾಗ ಗುರುತಿಸಿ ಅಂತ ಹೇಳಿತು. ನಿಮ್ಮ ವಾರ್ಡಿನಲ್ಲಿ ಆ ಜಾಗ ಯಾವುದು ಅಂತ ನಗರಾಡಳಿತಕ್ಕೆ ಅರ್ಜಿ ಕೊಡಿ. ಎದುರುಮನೆಯವರ ಸಹಿಯನ್ನೂ ಹಾಕಿಸಿ. ಅರ್ಜಿ ಒಂದೇ ಆದರೆ ಜಗಳಕ್ಕೆ ಜಾಗ ಕಡಿಮೆ.

ಪ್ರ: ಬೀದಿ ದೀಪ ಕೆಟ್ಟು ಎರಡು ತಿಂಗಳು. ಪಂಚಾಯ್ತಿ ಸದಸ್ಯರು ಫೋನ್ ಎತ್ತಲ್ಲ.
— ಹಿರೇಕೆರೂರಿನ ಓದುಗರು

ಉ: ಫೋನ್ ಬೇಡ. ಅರ್ಜಿ ಎರಡು ಪ್ರತಿ. ಒಂದಕ್ಕೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ನಿಮ್ಮಲ್ಲಿಟ್ಟುಕೊಳ್ಳಿ. ತಿಂಗಳಾದರೂ ಹತ್ತದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ‘ನನ್ನ ಅರ್ಜಿ ಏನಾಯಿತು’ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟೋ ಸಲ ಉತ್ತರಕ್ಕಿಂತ ಮೊದಲು ದೀಪ ಬರುತ್ತದೆ.

ಪ್ರ: ಹೆಂಗಸರಿಗೆ ಬಸ್ ಪುಕ್ಕಟೆ, ಮನೆಯಲ್ಲಿ ಕೂತವರಿಗೆ ಎರಡು ಸಾವಿರ. ದುಡಿದು ತೆರಿಗೆ ಕಟ್ಟುವ ನಾವು ಬಸ್ಸಲ್ಲಿ ನಿಂತುಕೊಂಡು ಹೋಗಬೇಕು. ನೀವು ಹೆಂಗಸು, ಬಿಟ್ಟುಕೊಡಲ್ಲ ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ.
— ನಿವೃತ್ತ ಶಿಕ್ಷಕ, ಚಿತ್ರದುರ್ಗ

ಉ: ಗುರುಗಳೇ, ಗೊತ್ತಿದ್ದೂ ಕೇಳಿದ್ದೀರಿ, ಅದಕ್ಕೆ ಉದ್ದದ ಉತ್ತರ.

ಕೌಂಟರಿನಲ್ಲಿ ಕೂತು ನಾನು ವಿಧವಾ ವೇತನದ ಮನಿಯಾರ್ಡರ್ ಎಷ್ಟು ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮುದುಕಿ ಹೆಬ್ಬೆಟ್ಟು ಒತ್ತುತ್ತಿದ್ದಳು, ಮಗ ನೋಟು ಎಣಿಸುತ್ತಿದ್ದ. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಒಬ್ಬಾಕೆ ಒಂದು ಸಲ ಐದು ರೂಪಾಯಿ ಚಿಲ್ಲರೆಯನ್ನು ಕೌಂಟರಿನ ಅಂಚಲ್ಲೇ ಬಿಟ್ಟು, ಮಗ ಹೊರಗೆ ಹೋದ ಮೇಲೆ ವಾಪಸು ಬಂದು ತೆಗೆದುಕೊಂಡು ಹೋದಳು. ಮಗಳ ಮನೆಗೆ ಬಸ್ ಚಾರ್ಜಂತೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ನನಗೆ ನೆನಪಾದದ್ದು ಯಾವ ಪಕ್ಷವೂ ಅಲ್ಲ, ಆ ಐದು ರೂಪಾಯಿ.

‘ಮನೆಯಲ್ಲಿ ಕೂತವರು’ ಅಂದಿರಿ. ನಿಮ್ಮ ಮನೆಯಲ್ಲಿ ಯಾರು ಕೂತಿರುತ್ತಾರೆ, ಒಂದು ದಿನ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಬರೆದಿಟ್ಟು ನೋಡಿ. ನೀವು ಮೇಷ್ಟ್ರು, ಹಾಜರಿ ಹಾಕಿ ಅಭ್ಯಾಸ ಇರುತ್ತದೆ.

ಹಾಗಂತ ನಾನು ಸರ್ಕಾರದ ವಕಾಲತ್ತು ವಹಿಸಿಲ್ಲ. ಟಿಕೆಟ್ ಶೂನ್ಯ ಮಾಡಿದ ಮೇಲೆ ಜನ ಹೆಚ್ಚುತ್ತಾರೆ ಅನ್ನುವುದು ಯಾರಿಗೂ ಗೊತ್ತಾಗುವ ಲೆಕ್ಕ. ಅದಕ್ಕೆ ತಕ್ಕಷ್ಟು ಬಸ್ಸು ನಮ್ಮ ಹಳ್ಳಿ ದಾರಿಗಳಿಗೆ ಬರಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಒಮ್ಮೊಮ್ಮೆ ತಿಂಗಳುಗಟ್ಟಲೆ ತಡ. ತಡವಾದ ತಿಂಗಳು ಯಾವುದು, ಬಂದದ್ದು ಯಾವ ತಿಂಗಳ ಬಾಬ್ತು ಅಂತ ಹೇಳುವವರೂ ಇಲ್ಲ. ನೀವು ನಿಂತು ಹೋಗುವುದು ಹೆಂಗಸರು ಕೂತದ್ದರಿಂದಲ್ಲ, ಇನ್ನೊಂದು ಬಸ್ಸು ಇಲ್ಲದ್ದರಿಂದ. ಆ ಬಸ್ಸಿಗೆ ಅರ್ಜಿ ಬರೆಯಿರಿ, ಮೊದಲ ಸಹಿ ನನ್ನದು.

ಪ್ರ: ಎಲ್ಲದಕ್ಕೂ ಅರ್ಜಿ, ರಸೀದಿ, ಸೀಲು. ನಿಮಗೆ ಇದೊಂದು ಹುಚ್ಚಾ? ಮತ್ತೆ ನಿಮ್ಮ ಮೆಚ್ಚಿನ ಮುಖ್ಯಮಂತ್ರಿ ಯಾರು?
— ಕಾಲೇಜು ಹುಡುಗ, ಶಿವಮೊಗ್ಗ

ಉ: ಎರಡಕ್ಕೂ ಉತ್ತರ ಆ ಟ್ರಂಕಿನಲ್ಲಿದೆ ತಮ್ಮಾ.

ನಮ್ಮಪ್ಪ ಗೇಣಿದಾರ, ಬೇರೆಯವರ ಗದ್ದೆ ಉಳುತ್ತಿದ್ದವನು. ನಮ್ಮದು ಸಾಗರ ತಾಲೂಕು, ಕಾಗೋಡಿನ ಕಡೆ. ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವ ಜಗಳ 1951ರಲ್ಲಿ ಸತ್ಯಾಗ್ರಹವಾಗಿ, ಸಮಾಜವಾದಿ ನಾಯಕ ಲೋಹಿಯಾ ಇಲ್ಲಿಗೆ ಬಂದು ಬಂಧನವಾದ ಸೀಮೆ. ಆದರೂ ಉಳುವವನ ಕೈಗೆ ಭೂಮಿ ಬರಲು ಭೂ ಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯೇ ಆಗಬೇಕಾಯಿತು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲ. ಗೇಣಿ ಭೂಮಿ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಭೂ ನ್ಯಾಯಮಂಡಳಿಗೆ ಏಳನೇ ನಂಬರ್ ಫಾರಂ ತುಂಬಿ ಕೊಡಬೇಕಿತ್ತು. ಅಪ್ಪನಿಗೆ ಓದು ಬರಹ ಇಲ್ಲ. ತುಂಬಿದ್ದು ಏಳನೇ ಕ್ಲಾಸಿನ ನಾನು. ಸರ್ವೆ ನಂಬರ್ ಒಂದು ಅಂಕಿ ತಪ್ಪಿ, ಬ್ಲೇಡಿನಲ್ಲಿ ಕೆರೆದು ತಿದ್ದಿ, ಅಪ್ಪನ ಹತ್ತಿರ ಬೈಸಿಕೊಂಡದ್ದು ಇನ್ನೂ ನೆನಪಿದೆ.

ವಿಚಾರಣೆಯಲ್ಲಿ ‘ಗೇಣಿ ಕೊಟ್ಟದ್ದಕ್ಕೆ ಚೀಟಿ ಇದೆಯಾ’ ಅಂತ ಕೇಳಿದರು. ಎಲ್ಲಿಯ ಚೀಟಿ? ವರ್ಷವರ್ಷ ಭತ್ತ ಅಳೆದು ಕೊಟ್ಟವನಿಗೆ ಯಾರೂ ಒಂದು ತುಂಡು ಕಾಗದ ಕೊಟ್ಟಿರಲಿಲ್ಲ. ಕೊನೆಗೆ ಅಕ್ಕಪಕ್ಕದ ಗದ್ದೆಯವರು ಸಾಕ್ಷಿ ಹೇಳಿ ಒಂದೂವರೆ ಎಕರೆ ನಮಗಾಯಿತು. ಒಬ್ಬ ಸಾಕ್ಷಿ ಬರದಿದ್ದರೂ ಆಗುತ್ತಿರಲಿಲ್ಲ. ಇದನ್ನು ಹುಚ್ಚು ಅನ್ನುವುದಾದರೆ ಅನ್ನಪ್ಪ. ಮುಖ್ಯಮಂತ್ರಿ ಯಾರು ಅಂತ ನಿನಗೇ ಗೊತ್ತಾಗಿರಬೇಕು. ತುರ್ತು ಪರಿಸ್ಥಿತಿಯಲ್ಲಿ ಅವರ ಸರ್ಕಾರ ಮಾಡಿದ್ದು ಇಷ್ಟವಾಗಲಿಲ್ಲ, ಅದನ್ನೂ ಬರೆದುಕೋ.

ಪ್ರ: ಫ್ಯಾಮಿಲಿ ಗ್ರೂಪಿನಲ್ಲಿ ಮಾವನವರು ದಿನಾ ರಾಜಕೀಯ ವಿಡಿಯೊ ಹಾಕುತ್ತಾರೆ. ಉತ್ತರ ಕೊಡಲೇ, ಸುಮ್ಮನಿರಲೇ?
— ಸೊಸೆ, ಮೈಸೂರು

ಉ: ನನ್ನ ತಮ್ಮನೂ ಹಾಕುತ್ತಾನೆ. ನಾನು ಪ್ರತಿ ವಿಡಿಯೊಗೂ ಪುಟ್ಟಿಯ ಒಂದು ಫೋಟೊ ಹಾಕುತ್ತೇನೆ. ಮೊನ್ನೆ ಎರಡು ದಿನ ಫೋಟೊ ಬರಲಿಲ್ಲ ಅಂತ ಫೋನ್ ಮಾಡಿದ್ದ, ‘ಅಕ್ಕಾ, ಬೆಕ್ಕಿಗೆ ಹುಷಾರಿಲ್ವಾ?’ ಅಂತ.

ಪ್ರ: ಸಿಗಂದೂರಿಗೆ ಸೇತುವೆಯಾದ ಮೇಲೆ ಆ ಲಾಂಚಿನ ಮಜಾ ಹೋಯಿತಲ್ಲ?
— ಪ್ರವಾಸಿ, ತುಮಕೂರು

ಉ: ವರ್ಷಕ್ಕೊಮ್ಮೆ ಲಾಂಚ್ ಹತ್ತಿ ಫೋಟೊ ತೆಗೆಸಿಕೊಂಡವರಿಗೆ ಮಜಾ. ನಾನು ಆಚೆ ದಡದ ಅಂಚೆ ಕಚೇರಿಗೆ ಕೆಲವು ತಿಂಗಳು ಬದಲಿ ಕೆಲಸಕ್ಕೆ ಹೋಗಿದ್ದೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದಿನಿಂದ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಸಂತೆ, ಆಸ್ಪತ್ರೆ, ಟಪಾಲು ಎಲ್ಲ ನೀರು ದಾಟಿಯೇ. ಸಂಜೆ ಲಾಂಚ್ ನಿಂತರೆ ಬೆಳಗಾಗುವವರೆಗೆ ಹೊಟ್ಟೆನೋವು ಬರಬಾರದು. 2025ರ ಜುಲೈ 14ರಂದು ಸೇತುವೆ ತೆರೆಯಿತು, ಎರಡು ಕಿಲೋಮೀಟರಿಗಿಂತ ಉದ್ದ. ನನಗಂತೂ ಲಾಂಚಿನ ನೆನಪೆಂದರೆ ಒದ್ದೆ ಟಪಾಲು ಚೀಲವನ್ನು ಎದೆಗವಚಿಕೊಂಡು ಕೂತದ್ದು. ಮುಳುಗಡೆಯವರಿಗೆ ಇಷ್ಟು ತಡವಾಗಿ ದಾರಿ ಮಾಡಿಕೊಟ್ಟದ್ದಕ್ಕೆ ಸಿಟ್ಟಿದೆ, ಲಾಂಚ್ ಹೋದದ್ದಕ್ಕೆ ಇಲ್ಲ.

ಪ್ರ: ಹೋದ ಸಂಚಿಕೆಯಲ್ಲಿ ಬೆಕ್ಕು ಬಸುರಿ ಅಂದಿದ್ದಿರಿ. ಮರಿ ಕೊಡುತ್ತೀರಾ?
— ಅಜ್ಜಿ ಮತ್ತು ಮೊಮ್ಮಗಳು, ಸೊರಬ

ಉ: ಮೂರು ಮರಿ. ಎರಡು ಬೂದು, ಒಂದು ಹುಲಿಪಟ್ಟೆ. ಏಳನೇ ನಂಬರ್ ಫಾರಮ್ಮಿನ ನಕಲು ಇರುವ ಫೈಲಿನ ಮೇಲೆಯೇ ಹೆತ್ತಿದೆ ಮಹಾರಾಯ್ತಿ. ಪ್ಲಾಸ್ಟಿಕ್ ಕವರ್ ಹಾಕಿಟ್ಟಿದ್ದರಿಂದ ಬಚಾವು. ಹುಲಿಪಟ್ಟೆಯದ್ದನ್ನು ತಮ್ಮ ಆಗಲೇ ಕೇಳಿದ್ದಾನೆ. ಬೂದು ಮರಿಗಳಲ್ಲಿ ಒಂದು ನಿಮಗೆ. ಎರಡು ತಿಂಗಳು ತಾಯಿಯ ಹತ್ತಿರ ಇರಲಿ, ಆಮೇಲೆ ಬನ್ನಿ. ಬರುವಾಗ ಮುಚ್ಚಳ ಇರುವ ಬುಟ್ಟಿ ತನ್ನಿ, ಹೋದ ಸಲ ಒಬ್ಬರು ಕೈಚೀಲದಲ್ಲಿ ಒಯ್ದು ಬಸ್ಸಿನಲ್ಲಿ ಡ್ರೈವರ್ ಸೀಟಿನ ಕೆಳಗೆ ಹುಡುಕಬೇಕಾಯಿತು.