ಬಂಡಾಯ ಲೀಗಿನ ಬಾಗಿಲು ಎಷ್ಟು ಅಗಲ?

ಪ್ರಶ್ನೆ: ನಮ್ಮ ಗೆಳೆಯರ ಬಳಗದಲ್ಲಿ ಲಿವ್ ಗಾಲ್ಫ್ ಎಂಬ ಬಂಡಾಯ ಲೀಗಿನ ಮಾತು ಬಂದರೆ ಜಗಳ ಖಚಿತ. ಅದು 54 ಹೋಲ್‌ಗಳ ಪ್ರದರ್ಶನ ಪಂದ್ಯ, ಆದ್ದರಿಂದಲೇ ಅದಕ್ಕೆ ವಿಶ್ವ ರ‍್ಯಾಂಕಿಂಗ್ ಅಂಕ ಸಿಗಲಿಲ್ಲ ಎಂದು ಒಂದು ಪಕ್ಷ. ಅಮೆರಿಕದ ಪಿಜಿಎ ಟೂರ್‌ನಂಥ ಹಳೆಯ ಟೂರ್‌ಗಳ (ವೃತ್ತಿಪರ ಟೂರ್ನಿ ಸರಣಿಗಳ) ಹೊಟ್ಟೆಕಿಚ್ಚೇ ಕಾರಣ ಎಂದು ಇನ್ನೊಂದು ಪಕ್ಷ. ಯಾರ ಮಾತು ಸರಿ?

ಉತ್ತರ: ಎರಡೂ ಪಕ್ಷದವರು ಕಡತದ ಒಂದೊಂದೇ ಹಾಳೆಯನ್ನು ಓದಿದಂತಿದೆ. ರೋಮನ್ ಅಂಕಿಗಳಲ್ಲಿ 54 ಅನ್ನು ಬರೆಯುವ ಬಗೆಯೇ ಲೀಗಿನ ಹೆಸರಾದ್ದರಿಂದ ಜಗಳವೂ ಆ ಸಂಖ್ಯೆಗೇ ಅಂಟಿಕೊಂಡಿತು. ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ಹಣದಿಂದ 2022ರ ಜೂನ್‌ನಲ್ಲಿ ಲಂಡನ್ ಸಮೀಪದ ಸೆಂಚುರಿಯನ್ ಕ್ಲಬ್‌ನಲ್ಲಿ ನಡೆದ ಮೊದಲ ಟೂರ್ನಿಯಲ್ಲಿ 48 ಆಟಗಾರರಿದ್ದರು; ಒಬ್ಬೊಬ್ಬರ ಸ್ಪರ್ಧೆಯ ಜೊತೆಗೆ ತಂಡಗಳ ಸ್ಪರ್ಧೆಯೂ ಇತ್ತು. ಆಟ ಮಾಮೂಲಿನ ನಾಲ್ಕು ಸುತ್ತುಗಳ (72 ಹೋಲ್‌ಗಳ) ಬದಲು ಮೂರೇ ಸುತ್ತಿನದು, ನಡುವೆ ಯಾರನ್ನೂ ಮನೆಗೆ ಕಳಿಸುವ ಕಟ್ ಇರಲಿಲ್ಲ, ಎಲ್ಲರೂ ಬೇರೆ ಬೇರೆ ಹೋಲ್‌ಗಳಿಂದ ಏಕಕಾಲಕ್ಕೆ ಆಟ ಶುರುಮಾಡುತ್ತಿದ್ದರು. ಗೆದ್ದ ಚಾರ್ಲ್ ಶ್ವಾರ್ಟ್ಸೆಲ್ ಅವರಿಗೆ ತಂಡದ ಪಾಲೂ ಸೇರಿ 47.5 ಲಕ್ಷ ಡಾಲರ್ ಸಂದರೆ, ಕಟ್ಟಕಡೆಯ ಸ್ಥಾನಕ್ಕೂ 1.2 ಲಕ್ಷ ಡಾಲರ್ ನಿಗದಿಯಾಗಿತ್ತು. ಇದನ್ನು ಕಂಡವರಿಗೆ ಪ್ರದರ್ಶನ ಪಂದ್ಯವೆನಿಸಿದರೆ ತಪ್ಪೇನಿಲ್ಲ.

ಆದರೆ 2023ರ ಅಕ್ಟೋಬರ್‌ನಲ್ಲಿ ವಿಶ್ವ ರ‍್ಯಾಂಕಿಂಗ್ ಮಂಡಳಿಯು ಲೀಗಿನ ಅರ್ಜಿಯನ್ನು ತಳ್ಳಿಹಾಕಿದಾಗ ಅದರ ಅಂದಿನ ಅಧ್ಯಕ್ಷ ಪೀಟರ್ ಡಾಸನ್ ಅವರು ಕೊಟ್ಟ ವಿವರಣೆಯನ್ನು ಗಮನಿಸಬೇಕು. ಹೋಲ್‌ಗಳು ಕಡಿಮೆ ಎಂಬುದನ್ನೂ ಕಟ್ ಇಲ್ಲ ಎಂಬುದನ್ನೂ ಲೆಕ್ಕಾಚಾರದಲ್ಲಿ ಸರಿದೂಗಿಸಬಹುದು ಎಂಬುದೇ ಅವರ ಧಾಟಿಯಾಗಿತ್ತು. ಅವರು ಬೆರಳಿಟ್ಟು ತೋರಿಸಿದ್ದು ಬೇರೆಡೆಗೆ: ಇದೇ ಆಟಗಾರರು ವರ್ಷವಿಡೀ ತಮ್ಮತಮ್ಮಲ್ಲೇ ಆಡುತ್ತಾರೆ, ಹೊರಗಿನವರು ಒಳಬರುವ ದಾರಿಯೂ ಒಳಗಿನವರು ಹೊರಬೀಳುವ ದಾರಿಯೂ ತೀರ ಇಕ್ಕಟ್ಟಾಗಿವೆ, ಮತ್ತು ತಂಡದ ಹಿತಕ್ಕಾಗಿ ಆಟಗಾರನು ತನ್ನ ಸ್ವಂತ ಆಟವನ್ನು ಬದಲಿಸುವ ಸಾಧ್ಯತೆಯಿದೆ. 2024ರ ಮಾರ್ಚ್‌ನಲ್ಲಿ ಲೀಗ್ ತನ್ನ ಅರ್ಜಿಯನ್ನೇ ಹಿಂತೆಗೆದುಕೊಂಡಿತು. 2026ರಿಂದ 72 ಹೋಲ್‌ಗಳಿಗೆ ಹೊರಳಿತು. ಆಗಲೂ ಮಂಡಳಿ ಅಂಕ ಕೊಟ್ಟದ್ದು ಪ್ರತಿ ಟೂರ್ನಿಯ ಮೊದಲ ಹತ್ತು ಸ್ಥಾನದವರಿಗೆ ಮಾತ್ರ. ಹೋಲ್‌ಗಳೇ ತಕರಾರಿನ ಮೂಲವಾಗಿದ್ದರೆ ವಿವಾದ ಅಲ್ಲಿಗೇ ತೀರಬೇಕಿತ್ತಲ್ಲವೆ?

ಪ್ರಶ್ನೆ: ಹಾಗಾದರೆ ಲೀಗಿಗೆ ಅರ್ಹತಾ ಸುತ್ತು ಎಂಬುದು ಬರೀ ಹೆಸರಿಗೆ ಇದೆಯೇ?

ಉತ್ತರ: ಹೆಸರಿಗಷ್ಟೇ ಎಂದರೆ ಅದನ್ನು ಆಡಿ ಬೆವರಿಳಿಸಿದವರಿಗೆ ಅನ್ಯಾಯವಾದೀತು. 2023ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ನಡೆದ ಪ್ರಮೋಷನ್ಸ್ ಎಂಬ ಅರ್ಹತಾ ಟೂರ್ನಿಯನ್ನೇ ನೋಡಿ. ಮೊದಲ ಎರಡು ದಿನ ಜರಡಿ ಹಿಡಿದು, ಉಳಿದವರಿಗೆ ಕೊನೆಯ ದಿನ ಒಂದೇ ಬೀಸಿಗೆ 36 ಹೋಲ್‌ಗಳನ್ನು ಆಡಿಸಲಾಯಿತು. ಬೆಳಿಗ್ಗೆ ಒಂದು ಸುತ್ತು ಮುಗಿಸಿ, ಅದೇ ಕಾಲುಗಳ ಮೇಲೆ ಮಧ್ಯಾಹ್ನ ಇನ್ನೊಂದು ಸುತ್ತು ನಡೆದು, ಸಂಜೆಯ ಹೊತ್ತಿಗೆ ಮುಂದಿನ ಇಡೀ ವರ್ಷದ ಜೀವನೋಪಾಯವನ್ನು ನಿರ್ಧರಿಸುವ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಮುಂದೆ ನಿಲ್ಲಬೇಕು. ಫಿನ್ಲೆಂಡ್‌ನ ಕಾಲೆ ಸಮೂಯ, ಜಪಾನ್‌ನ ಜಿನಿಚಿರೊ ಕೊಜುಮಾ ಮತ್ತು ಜಿಂಬಾಬ್ವೆಯ ಕೀರನ್ ವಿನ್ಸೆಂಟ್ ಹೀಗೆ ಒಳಬಂದರು. ಇದು ಪ್ರದರ್ಶನವಲ್ಲ; ನನ್ನ ಮಟ್ಟಿಗೆ ಆ ಲೀಗಿನಲ್ಲಿ ನಡೆಯುವ ಅತ್ಯಂತ ಅಪ್ಪಟ ಸ್ಪರ್ಧೆ ಇದೇ. ದುರ್ದೈವವೆಂದರೆ ಸ್ಥಾನಗಳಿದ್ದುದು ಮೂರೇ. ಮರುವರ್ಷ ರಿಯಾದ್‌ನಲ್ಲಿ ಅದು ಒಂದಕ್ಕೆ ಇಳಿಯಿತು. ಏಷ್ಯನ್ ಟೂರ್‌ನ ಇಂಟರ್‌ನ್ಯಾಷನಲ್ ಸೀರೀಸ್ ಮೂಲಕವೂ ಒಂದು ಕಿಂಡಿ ಇದೆಯಾದರೂ, ಹೆಚ್ಚಿನ ಸ್ಥಾನಗಳು ತುಂಬುವುದು ಒಪ್ಪಂದದ ಸಹಿಯಿಂದಲೇ.

ಪ್ರಶ್ನೆ: ಕೆಳಗೆ ಬಿದ್ದವರನ್ನು ಲೀಗ್ ನಿಜವಾಗಿಯೂ ಹೊರಹಾಕುತ್ತದೆಯೇ?

ಉತ್ತರ: ಹಾಕುತ್ತದೆ, ಆದರೆ ಆಳು ನೋಡಿ ಮಣೆ ಹಾಕುವುದೂ ಉಂಟು. ಋತುವಿನ ಕೊನೆಗೆ ಲೀಗಿನ ಪಟ್ಟಿಯಲ್ಲಿ 24ರೊಳಗಿದ್ದವರು ಸುರಕ್ಷಿತರು, ನಡುವಿನವರು ಒಪ್ಪಂದವಿಲ್ಲದಿದ್ದರೆ ಬೇರೆ ತಂಡ ಹುಡುಕಬೇಕು, 48ರಿಂದ ಕೆಳಗಿಳಿದವರು ಹೊರಗೆ ಎಂಬುದು ಕೆಲವು ವರ್ಷ ಚಾಲ್ತಿಯಲ್ಲಿದ್ದ ನಿಯಮ. 2024ರಲ್ಲಿ ಎರಡು ಬಾರಿಯ ಮಾಸ್ಟರ್ಸ್ ವಿಜೇತ ಬಬ್ಬಾ ವಾಟ್ಸನ್ ಆ ಗೆರೆಯ ಕೆಳಗೆ ಬಿದ್ದರು. ಮುಂದಿನ ಋತುವಿಗೆ ಅವರದೇ ತಂಡ ಅವರನ್ನು ಮತ್ತೆ ಸೇರಿಸಿಕೊಂಡಿತು. ನಿಯಮದ ಅಕ್ಷರ ಮುರಿಯಲಿಲ್ಲ ಎಂದು ವಾದಿಸಬಹುದು, ಆದರೆ ಅಬುಧಾಬಿಯಲ್ಲಿ 36 ಹೋಲ್ ನಡೆದೂ ನಾಲ್ಕನೆಯವನಾಗಿ ಉಳಿದವನ ಮುಂದೆ ನಿಂತು ಆ ವಾದವನ್ನು ಮಂಡಿಸುವುದು ಕಷ್ಟ.

ಪ್ರಶ್ನೆ: ಪಿಜಿಎ ಟೂರ್ ಮಾತ್ರ ಮಹಾ ಉದಾರವೇ?

ಉತ್ತರ: ಅಲ್ಲ. ಲಿವ್ ಬೆಂಬಲಿಗರ ವಾದದಲ್ಲಿ ಬಲವಾದ ಅಂಶವೆಂದರೆ ಇದೇ. ಪೂರ್ಣ ಟೂರ್ ಕಾರ್ಡ್ (ಮುಂದಿನ ಋತುವಿನಲ್ಲಿ ಆಡುವ ಹಕ್ಕು) ಉಳಿಸಿಕೊಳ್ಳುವವರ ಸಂಖ್ಯೆಯನ್ನು 125ರಿಂದ 100ಕ್ಕೂ, ಅದರ ಕೆಳಹಂತದ ಸರಣಿಯಾದ ಕಾರ್ನ್ ಫೆರಿ ಟೂರ್‌ನಿಂದ ಮೇಲೇರುವವರ ಸಂಖ್ಯೆಯನ್ನು 30ರಿಂದ 20ಕ್ಕೂ ಇಳಿಸಲು ಪಿಜಿಎ ಟೂರ್ 2024ರಲ್ಲೇ ತೀರ್ಮಾನಿಸಿತು. ಆದರೂ 20 ಎಂಬುದು ರಿಯಾದ್‌ನಲ್ಲಿದ್ದ ಆ ಒಂದು ಸ್ಥಾನಕ್ಕಿಂತ ಬಹಳ ದೊಡ್ಡದು.

ಪ್ರಶ್ನೆ: ಲಿವ್ ಸೇರಿದವರ ಆಟ ಮಸುಕಾಗುತ್ತದೆ ಎನ್ನುತ್ತಾರೆ. ಮೇಜರ್‌ಗಳಲ್ಲಿ (ಗಾಲ್ಫ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳಲ್ಲಿ) ಅವರಿಗೆ ದಾರಿಯಿದೆಯೇ?

ಉತ್ತರ: ಆಟ ಮಸುಕಾಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಬ್ರೂಕ್ಸ್ ಕೆಪ್ಕಾ ಲಿವ್ ಆಟಗಾರರಾಗಿದ್ದಾಗಲೇ 2023ರ ಪಿಜಿಎ ಚಾಂಪಿಯನ್‌ಷಿಪ್ ಗೆದ್ದರು. 2024ರ ಯುಎಸ್ ಓಪನ್‌ನ ಕಡೆಯ ಹೋಲ್‌ನಲ್ಲಿ ಬ್ರೈಸನ್ ಡಿಶಾಂಬೊ ಸುಮಾರು 55 ಗಜ ದೂರದ ಮರಳುಗುಂಡಿಯಿಂದ ಚೆಂಡನ್ನು ಧ್ವಜದಿಂದ ಕೆಲವೇ ಅಡಿಗಳಾಚೆ ತಂದಿಟ್ಟು ಒಂದು ಸ್ಟ್ರೋಕ್ ಅಂತರದಲ್ಲಿ ರೋರಿ ಮೆಕಿಲ್ರಾಯ್ ಅವರನ್ನು ಹಿಂದಿಕ್ಕಿದರು. ಭಾರತದ ಅನಿರ್ಬನ್ ಲಾಹಿರಿಯವರು 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವರಾಗಿ, ಅದೇ ವರ್ಷ ಬಾಸ್ಟನ್‌ನಲ್ಲಿ ತಮ್ಮ ಮೊದಲ ಲಿವ್ ಟೂರ್ನಿಯಲ್ಲೇ ಪ್ಲೇ-ಆಫ್‌ವರೆಗೆ (ಸಮಬಲವನ್ನು ಬಿಡಿಸುವ ಹೆಚ್ಚುವರಿ ಆಟದವರೆಗೆ) ಹೋದದ್ದೂ ನೆನಪಿರಲಿ.

ದಾರಿಯ ವಿಷಯದಲ್ಲಿ ಲಿವ್ ಆಟಗಾರ, ಚಿಲಿಯ ಹೋಕಿನ್ ನೀಮನ್ ಅವರ ಕಥೆ ಹೇಳುವಂಥದ್ದು. ರ‍್ಯಾಂಕಿಂಗ್ ಅಂಕವಿಲ್ಲದೆ ಕೆಳಗಿಳಿಯುತ್ತ, ಅದರಿಂದ ಸಿಗುವ ಮೇಜರ್ ಪ್ರವೇಶವನ್ನೂ ಕಳೆದುಕೊಳ್ಳುತ್ತಿದ್ದ ಅವರು ಸುಮ್ಮನೆ ಗೊಣಗುತ್ತ ಕೂರದೆ ಲೀಗಿನ ಹೊರಗೆ ಆಡಲು ಹೊರಟರು. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಅನ್ನು ಪ್ಲೇ-ಆಫ್‌ನಲ್ಲಿ ಈಗಲ್ (ನಿಗದಿತಕ್ಕಿಂತ ಎರಡು ಹೊಡೆತ ಕಡಿಮೆ) ಹೊಡೆದು ಗೆದ್ದರು. 2024ರ ಮಾಸ್ಟರ್ಸ್‌ಗೆ ವಿಶೇಷ ಆಹ್ವಾನ ಬಂತು. ಅದು ಹಕ್ಕಲ್ಲ, ಕೃಪೆ. 2025ರಲ್ಲಿ ಮಾತ್ರ ಯುಎಸ್ ಓಪನ್ ತನ್ನ ನಿಯಮದಲ್ಲೇ ಜಾಗ ಮಾಡಿತು: ಲಿವ್ ಪಟ್ಟಿಯ ಮೊದಲ ಮೂವರಲ್ಲಿದ್ದು, ಬೇರೆ ಯಾವ ರೀತಿಯಲ್ಲೂ ಅರ್ಹತೆ ಪಡೆಯದ ಒಬ್ಬರಿಗೆ ನೇರ ಪ್ರವೇಶ. ಆ ನಿಯಮದಡಿ ಮೊದಲು ಒಳಹೊಕ್ಕವರೂ ನೀಮನ್ ಅವರೇ.