ಮೊಲಕ್ಕೆ ಬೇವಿನ ಎಣ್ಣೆ ಹಚ್ಚಬಹುದಾ? ನುಸಿ, ಚಿಗಟಕ್ಕೆ ಮನೆಯಲ್ಲೇ ಏನು ಮಾಡಬೇಕು?

ನೀವು ಗದಗದಲ್ಲಿ ಎರಡು ಮೊಲ ಸಾಕಿದ್ದೀರಿ. ಒಂದು ಕಿವಿ ಕೆರೆದುಕೊಳ್ಳುತ್ತಿದೆ, ತಲೆ ಕೊಡವುತ್ತಿದೆ. ರಾಸಾಯನಿಕ ಬೇಡ, ಬೇವಿನ ಎಣ್ಣೆ ಹಚ್ಚಲಾ, ಇಲ್ಲ ಹುಳ ಸಾಯಲಿ ಅಂತ ಆನ್‌ಲೈನ್‌ನಲ್ಲಿ ಮಾರುವ ಡಯಾಟಮ್ ಮಣ್ಣಿನ ನುಣ್ಣನೆಯ ಪುಡಿ ಉದುರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಮೊಲದ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ದಿನಕ್ಕೆ ಎಷ್ಟೋ ಸಲ ಮೈ ನೆಕ್ಕಿಕೊಳ್ಳುವ ಪ್ರಾಣಿ ಅದು. ಜೋಡಿ ಇದ್ದರೆ ಒಂದು ಇನ್ನೊಂದನ್ನೂ ನೆಕ್ಕುತ್ತದೆ. ನಾಯಿ, ಬೆಕ್ಕು ಏನಾದರೂ ತಿನ್ನಬಾರದ್ದು ತಿಂದರೆ ಕಕ್ಕಿಬಿಡುತ್ತವೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಇನ್ನು ಆ ಪುಡಿ. ಮೊಲ ಉಸಿರಾಡುವುದು ಮೂಗಿನಿಂದ ಮಾತ್ರ. ಅಷ್ಟು ನುಣ್ಣನೆಯ ಧೂಳು ಪುಪ್ಪುಸಕ್ಕೆ ಹೋದರೆ ಕಷ್ಟ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ನಮ್ಮ ಮೊದಲ ಮೊಲ ಮುತ್ತುವಿನ ಕಿವಿಯಲ್ಲಿ ಕಂದು ಬಣ್ಣದ ಹಕ್ಕಳೆ ಕಂಡಾಗ ನಾನೂ ಬೇವಿನ ಎಣ್ಣೆಯನ್ನೇ ಹಚ್ಚಿದ್ದೆ. ರಾತ್ರಿಯೆಲ್ಲ ಮುಂಗಾಲಿನಿಂದ ಕಿವಿ ಒರೆಸಿ ಒರೆಸಿ ನೆಕ್ಕಿತು. ಬೆಳಗ್ಗೆ ಕರಿಕೆ ಮುಟ್ಟಲಿಲ್ಲ. ಹಿಕ್ಕೆಯೂ ಬಿದ್ದಿರಲಿಲ್ಲ. ಅವ್ವ ನೋಡಿದವಳೇ "ಅದರ ಹೊಟ್ಟಿ ನಿಂತೈತಿ, ಮೊದ್ಲ ಡಾಕ್ಟರ್ ಕಡೆ ಒಯ್ಯಿ" ಎಂದಳು. ಉಳಿಯಿತು. ಆದರೆ ಆ ಎರಡು ದಿನ ನಮಗೆ ಊಟ ಸೇರಲಿಲ್ಲ.

ಅವತ್ತಿನಿಂದ ಮೊಲದ ಮೈಗೆ ನಾನಾಗಿ ಏನೂ ಹಚ್ಚುವುದಿಲ್ಲ. ಅದು ಇರುವ ಜಾಗದಲ್ಲಿ ಹುಳ ಬದುಕಬಾರದು, ಅಷ್ಟು ನೋಡಿಕೊಳ್ಳುತ್ತೇನೆ. ನೀವು ಕೇಳುವ ನೈಸರ್ಗಿಕ ದಾರಿ ಅಂದರೆ ನನ್ನ ಪ್ರಕಾರ ಇದೇ. ಬೇಕಾಗಿರುವುದು ಕಸಬರಿಗೆ, ಕುದಿಯುವ ನೀರು, ಬಿಸಿಲು ಮತ್ತು ಒಂದು ಹೇನಿನ ಹಣಿಗೆ.

ಹಿಕ್ಕೆಯನ್ನು ದಿನಾ ತೆಗೆಯಬೇಕು. ಕಾಕ್ಸಿಡಿಯಾ ಅಂತ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಇದೆ, ಕರುಳಿಗೆ, ಲಿವರ್‌ಗೆ ರೋಗ ತರುತ್ತದೆ. ಮರಿಗಳನ್ನು ಬೇಗ ಕೊಲ್ಲುತ್ತದೆ. ಅದರ ತತ್ತಿಗಳು ಹಿಕ್ಕೆಯಲ್ಲಿ ಹೊರಗೆ ಬರುತ್ತವೆ, ಆದರೆ ಬಂದ ಕೂಡಲೇ ರೋಗ ಹರಡಲಾರವು. ಹಸಿ ಜಾಗದಲ್ಲಿ ಬಲಿಯಲು ಸುಮಾರು ಒಂದರಿಂದ ಮೂರು ದಿನ ಬೇಕು. ಅಷ್ಟರೊಳಗೆ ನೀವು ಗುಡಿಸಿ ಎಸೆದರೆ ಸರಪಳಿ ಅಲ್ಲೇ ತುಂಡಾಗುತ್ತದೆ. ಈ ತತ್ತಿಗಳಿಗೆ ಫಿನಾಯಿಲ್ ನಾಟುವುದಿಲ್ಲ. ಅದರ ವಾಸನೆ ಮೊಲಕ್ಕೂ ಒಳ್ಳೆಯದಲ್ಲ. ವಾರಕ್ಕೊಮ್ಮೆ ಮೊಲವನ್ನು ಬೇರೆ ಕಡೆ ಬಿಟ್ಟು, ಪಂಜರಕ್ಕೆ ಕುದಿಯುವ ನೀರು ಸುರಿದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ನಿಮ್ಮ ಗದಗದ ಬಿಸಿಲು ಈ ಕೆಲಸಕ್ಕೆ ಚೆನ್ನ. ನಮಗೆ ಇಲ್ಲಿ ಜುಲೈ, ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಅದೇ ಕಷ್ಟ. ಹಾಗಾಗಿ ಎರಡು ಜೊತೆ ಹಲಗೆ ಇಟ್ಟುಕೊಂಡು ಬದಲಿಸುತ್ತೇವೆ. ಕೆಳಗೆ ಹಾಸುವ ತಟ್ಟನ್ನೂ ಬಿಸಿನೀರಲ್ಲಿ ಒಗೆಯಿರಿ, ಚಿಗಟದ ಮೊಟ್ಟೆ ಮೊಲದ ಮೈಯಿಂದ ಉದುರಿ ಅದರಲ್ಲೇ ಸೇರುತ್ತದೆ.

ಎರಡು ದಿನಕ್ಕೊಮ್ಮೆ ಹೇನಿನ ಹಣಿಗೆಯಿಂದ ಕುತ್ತಿಗೆಯ ಹಿಂದೆ, ಬೆನ್ನ ಮೇಲೆ, ಬಾಲದ ಬುಡದಲ್ಲಿ ಮೆಲ್ಲಗೆ ಬಾಚಿ. ಹಣಿಗೆಯನ್ನು ಸೋಪಿನ ನೀರಲ್ಲಿ ಅದ್ದಿದರೆ ಚಿಗಟ ಮುಳುಗಿ ಸಾಯುತ್ತದೆ. ಸೋಪಿನ ನೀರು ಹಣಿಗೆಗೆ ಮಾತ್ರ, ಮೊಲಕ್ಕೆ ಸ್ನಾನ ಮಾಡಿಸಲೇಬೇಡಿ. ಗಾಬರಿಯಾಗುತ್ತದೆ, ದಟ್ಟ ಕೂದಲು ಬೇಗ ಒಣಗುವುದೂ ಇಲ್ಲ. ಬೆನ್ನ ಮೇಲೆ ಬಿಳಿ ಹೊಟ್ಟು ಕಂಡು ಅದು ಹರಿದಾಡಿದಂತೆ ಅನಿಸಿದರೆ ಅದೂ ಒಂದು ಜಾತಿಯ ನುಸಿ. ಎತ್ತಿಕೊಂಡವರ ಕೈಗೂ ತುರಿಸುವ ಗುಳ್ಳೆ ಏಳಬಹುದು.

ಬಾಚುವಾಗ ಹಿಂಭಾಗ ನೋಡುವುದನ್ನು ಮರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಚಪಾತಿ, ಬೂಸಾ, ಗಜ್ಜರಿ ಜಾಸ್ತಿ ಕೊಟ್ಟರೆ ಹಿಕ್ಕೆ ಮೆತ್ತಗಾಗಿ ಕೂದಲಿಗೆ ಅಂಟುತ್ತದೆ. ಆ ವಾಸನೆಗೆ ನೊಣ ಬಂದು ಮೊಟ್ಟೆ ಇಡುತ್ತದೆ. ಒಂದೇ ದಿನದಲ್ಲಿ ಹುಳ ಹೊರಬಂದು ಬದುಕಿರುವ ಮೊಲದ ಮಾಂಸ ತಿನ್ನುತ್ತದೆ. ಒಣ ಹುಲ್ಲೇ ಮುಖ್ಯ ಊಟವಾದರೆ ಹಿಕ್ಕೆ ಗಟ್ಟಿ ಇರುತ್ತದೆ, ನೊಣಕ್ಕೆ ಕೆಲಸವಿಲ್ಲ. ಪಂಜರದ ಸುತ್ತ ಸೊಳ್ಳೆ ಪರದೆ ಕಟ್ಟಿ. ದನದ ಕೊಟ್ಟಿಗೆಯಲ್ಲಿ ಹಾಕುವ ಬೇವಿನ ಹೊಗೆ ಮೊಲಕ್ಕೆ ಬೇಡ.

ಹುಲ್ಲು ಎಲ್ಲಿಂದ ತರುತ್ತೀರಿ ಅನ್ನುವುದೂ ನೋಡಿ. ಬೀದಿನಾಯಿ ಓಡಾಡುವ ಕಡೆಯ ಹುಲ್ಲಿನಲ್ಲಿ ಉಣ್ಣಿ ಇರುತ್ತದೆ, ನಾಯಿಯ ಲದ್ದಿಯಿಂದ ಲಾಡಿಹುಳದ ಮೊಟ್ಟೆಯೂ ಬರುತ್ತದೆ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನ ಹುಲ್ಲು ಇನ್ನೂ ಅಪಾಯ. ಮನೆಯಲ್ಲಿ ರಾಸಾಯನಿಕ ಬೇಡ ಅಂತ ಇಷ್ಟೆಲ್ಲ ಮಾಡಿ, ಹೊಲಕ್ಕೆ ಹೊಡೆದ ಕೀಟನಾಶಕವನ್ನು ಹುಲ್ಲಿನ ಜೊತೆ ತಿನ್ನಿಸಿದಂತಾಗುತ್ತದೆ ಅಲ್ವಾ?

ಬೆಳ್ಳುಳ್ಳಿ ರಸ, ತಂಬಾಕಿನ ನೀರು, ಡಾಂಬರು ಗುಳಿಗೆ, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಇವೆಲ್ಲ ಮೊಲಕ್ಕೆ ವಿಷ. ಅಂಗಡಿಯವರು ನಾಯಿಯ ಉಣ್ಣಿ ಔಷಧಿಯನ್ನೇ ಸ್ವಲ್ಪ ಹಾಕಿ ಅಂದರೂ ಕೇಳಬೇಡಿ. ಅದರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಇದ್ದರೆ ಮೊಲ ಸಾಯಬಹುದು.

ಈಗ ನಿಮ್ಮ ಮೊಲದ ಕಿವಿ. ಒಳಗೆ ಹಕ್ಕಳೆ ಕಟ್ಟಿದ್ದರೆ ಅದು ಕಿವಿ ನುಸಿ. ಅಲ್ಲಿಗೆ ಮನೆಮದ್ದು ಮುಗಿಯಿತು. ಹಕ್ಕಳೆ ಕೀಳಬೇಡಿ, ಕೆಳಗೆ ಹಸಿ ಗಾಯವಿರುತ್ತದೆ, ತುಂಬಾ ನೋವಾಗುತ್ತದೆ. ಡಾಕ್ಟರ್ ತೂಕ ನೋಡಿ ಐವರ್ಮೆಕ್ಟಿನ್ ಎಂಬ ನುಸಿ ಕೊಲ್ಲುವ ಔಷಧಿ ಕೊಡುತ್ತಾರೆ, ಸುಮಾರು ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡುತ್ತಾರೆ. ಹಕ್ಕಳೆ ತಾನಾಗಿಯೇ ಉದುರುತ್ತದೆ. ಅದು ರಾಸಾಯನಿಕವೇ, ನಿಮಗೆ ಬೇಸರ ಆಗಬಹುದು. ಆದರೆ ಕಿವಿಯೊಳಗೆ ಸಾವಿರಾರು ನುಸಿ ಕಚ್ಚುತ್ತಿರುವಾಗ ಔಷಧಿಗೆ ತಡ ಮಾಡುವುದು ಸರಿಯಲ್ಲ. ಆ ನುಸಿ ಮೊಲದ ಮೈ ಬಿಟ್ಟೂ ಎರಡು ಮೂರು ವಾರ ಬದುಕಬಲ್ಲದು, ಹಾಗಾಗಿ ಮೇಲೆ ಹೇಳಿದ ಕುದಿನೀರು, ಬಿಸಿಲಿನ ಕೆಲಸ ಜೊತೆಜೊತೆಗೇ ನಡೆಯಬೇಕು.

ನಿಮ್ಮ ಗದಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ಬಿಸಿಲೇರುವ ಮೊದಲೇ ಹೊರಡಿ, ಮೊಲಕ್ಕೆ ಸೆಕೆ ತಡೆಯುವುದಿಲ್ಲ. ಬುಟ್ಟಿಯಲ್ಲಿ ಒಂದು ಹಿಡಿ ಹುಲ್ಲು ಇಟ್ಟುಕೊಳ್ಳಿ. ಕೆರೆದುಕೊಳ್ಳುವ ಒಂದನ್ನೇ ಒಯ್ಯಬೇಡಿ, ಎರಡನ್ನೂ ಒಯ್ಯಿರಿ.