‘ಅಗ್ಲೀಸ್’ ಕಾದಂಬರಿಯಲ್ಲಿ ಎಲ್ಲರೂ ಸುಂದರರಾಗುವುದು ಏಕೆ ಅಪಾಯಕಾರಿ?

ಸ್ಕಾಟ್ ವೆಸ್ಟರ್‌ಫೆಲ್ಡ್ ಅವರ ಈ ಕಾದಂಬರಿಯ (2005) ನಗರದಲ್ಲಿ 16 ವರ್ಷ ತುಂಬಿದವರಿಗೆಲ್ಲ ಶಸ್ತ್ರಚಿಕಿತ್ಸೆ ಮಾಡಿ, ಮುಖ, ಮೂಳೆ, ಚರ್ಮಗಳನ್ನು ಒಂದೇ ಮಾದರಿಯ ಚೆಲುವಿಗೆ ತಿದ್ದಲಾಗುತ್ತದೆ. ರೂಪದ ತಾರತಮ್ಯ ಅಳಿದರೆ ಅಸೂಯೆ, ಜಗಳಗಳೂ ಅಳಿಯುತ್ತವೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಈ ವಾದವನ್ನು ಲೇಖಕರು ಹಗುರವಾಗಿ ತಳ್ಳಿಹಾಕದಿರುವುದೇ ಕೃತಿಯ ದೊಡ್ಡ ಬಲವೆಂದು ನನಗನ್ನಿಸುತ್ತದೆ.

ಅಲ್ಲಿ ಬಲವಂತಕ್ಕಿಂತ ಮೊದಲು ಕೆಲಸ ಮಾಡುವುದು ಬಾಲ್ಯದ ರೂಢಿ. ಮಕ್ಕಳು ಪರಸ್ಪರ ಕರೆಯುವುದೇ ದೇಹದ ಕೊರತೆಗಳಿಂದ: ನಾಯಕಿ ಟ್ಯಾಲಿಗೆ ಕಣ್ಣಿನ, ಗೆಳೆಯ ಪೆರಿಸ್‌ಗೆ ಮೂಗಿನ, ಗೆಳತಿ ಶೇಗೆ ತೆಳ್ಳಗಿನ ಮೈಯ ಅಡ್ಡಹೆಸರು. ಹೀಗೆ ಬೆಳೆದ ಟ್ಯಾಲಿಗೆ, ನಗರದಿಂದ ತಪ್ಪಿಸಿಕೊಂಡವರ ನೆಲೆಯಾದ ‘ಸ್ಮೋಕ್’ನಲ್ಲಿ ಡೇವಿಡ್ ಎಂಬ ಹುಡುಗ ‘ನೀನು ಸುಂದರಿ’ ಎಂದಾಗ ಅದನ್ನು ನಂಬಲಾಗುವುದಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಈ ಸನ್ನಿವೇಶವೇ.

ನಿಜವಾದ ಅಪಾಯ ಇನ್ನೂ ಒಳಗಿದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಮಿದುಳಿನಲ್ಲಿ ಸಣ್ಣ ಗಾಯಗಳನ್ನು ಮಾಡಿ, ಜನರನ್ನು ಪ್ರಶ್ನೆ ಕೇಳದ, ಸದಾ ಸಂತೃಪ್ತರಾದ ಪ್ರಜೆಗಳನ್ನಾಗಿಸಲಾಗುತ್ತದೆ ಎಂಬುದನ್ನು ಡೇವಿಡ್‌ನ ವೈದ್ಯ ತಂದೆತಾಯಿಯರು ಪತ್ತೆಹಚ್ಚಿರುತ್ತಾರೆ. ವೈದ್ಯರು, ಅಗ್ನಿಶಾಮಕರಂತಹ ತುರ್ತು ನಿರ್ಧಾರ ಮಾಡಬೇಕಾದವರಲ್ಲಿ ಮಾತ್ರ ಆ ಗಾಯಗಳು ಇರುವುದಿಲ್ಲ.